ಫಿಸಿಯೋ ಹೇಳದ ಮಾತು

ನನ್ನ ಗಂಡ ಬಿದ್ದು ಮಣಿಕಟ್ಟು ಮುರಿದುಕೊಂಡದ್ದು ನನ್ನಿಂದ. ಊರಿನವರು ಅವರ ಪಾರ್ಕಿನ್ಸನ್ ಕಾಯಿಲೆಯನ್ನು ದೂರುತ್ತಾರೆ. ಗಂಡ ಇಷ್ಟು ವರ್ಷ ಫಿಸಿಯೋಥೆರಪಿಸ್ಟ್ ಆಶಾಳನ್ನು ದೂರುತ್ತಿದ್ದರು. ಎರಡೂ ತಪ್ಪು. ಅವರ ನಡಿಗೆ ನಿಲ್ಲಿಸಿದವಳು ನಾನು — ಒಂದು ಸುಳ್ಳು ಹೇಳಿ, ಅದೂ ಆಶಾಳ ಹೆಸರಿನಲ್ಲಿ.

ನಾನು ವಿರಾಜಪೇಟೆಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಹುಡುಗಿಯರಿಗೆ ಹಾಕಿ ಕಲಿಸಿದವಳು. ನನ್ನ ಬಾಯಿಗೆ ಮಕ್ಕಳಿರಲಿ, ಹೆಡ್ಮಾಸ್ಟರರೂ ಹೆದರುತ್ತಿದ್ದರು. ಅಂಥವಳ ಗಂಡನಿಗೆ ಕಾಲು ನೆಲಕ್ಕೇ ಅಂಟಿಕೊಳ್ಳುವ ಕಾಯಿಲೆ ಬಂದಾಗ ನಾನು ಕೈಕಟ್ಟಿ ಕೂರಲಿಲ್ಲ. ಆಶಾ ವಾರಕ್ಕೊಮ್ಮೆ ಬಿಟ್ಟಂಗಾಲದ ನಮ್ಮ ಮನೆಗೆ ಬಂದು ಹೇಳಿಕೊಡುತ್ತಿದ್ದಳು — ಹೆಜ್ಜೆ ದೊಡ್ಡದಾಗಿರಬೇಕು, ಮೊದಲು ಹಿಮ್ಮಡಿ ಊರಬೇಕು, ನಿಂತಲ್ಲೇ ಗಿರ್ರನೆ ತಿರುಗದೆ ಸುತ್ತು ಹಾಕಿ ತಿರುಗಬೇಕು, ಕೈಯಲ್ಲಿ ಏನೂ ಹಿಡಿದು ನಡೆಯಬಾರದು. ಉಳಿದ ದಿನ ನಾನು ಚಪ್ಪಾಳೆ ತಟ್ಟಿ ಲೆಕ್ಕ ಹೇಳುತ್ತಿದ್ದೆ. ಅವರು ಕಾಫಿ ಒಣಗಿಸುವ ಕಣದಲ್ಲಿ, ಮನೆಯ ಮುಂದಿನ ರಸ್ತೆಯಲ್ಲಿ ನಡೆಯುತ್ತಿದ್ದರು. ಚೆನ್ನಾಗಿಯೇ ನಡೆಯುತ್ತಿದ್ದರು, ಸುಳ್ಳು ಹೇಳುವುದಿಲ್ಲ — ಈ ವಿಷಯದಲ್ಲಾದರೂ.

ಆಮೇಲೆ ಊರಿನಲ್ಲೊಂದು ಮದುವೆ ಬಂತು. ವಾಲಗ ಶುರುವಾದರೆ ನಮ್ಮ ಕೊಡಗಿನಲ್ಲಿ ಯಾರ ಕಾಲೂ ಸುಮ್ಮನಿರುವುದಿಲ್ಲ. ಇವರೂ ಕುಣಿಯುವವರ ಜೊತೆ ಸೇರಿದರು. ಆ ತಾಳಕ್ಕೆ ಎಂಥ ಹೆಜ್ಜೆ! ನನ್ನ ಚಪ್ಪಾಳೆಗೂ ಅಷ್ಟು ಚೆಂದ ಹಾಕಿದವರಲ್ಲ. ಆದರೆ ವಾಲಗ ನಿಂತಿತು. ಜನರ ನಡುವೆ ಕಾಲು ಹಿಡಿದುಕೊಂಡಿತು, ಮೈ ಮುಂದಕ್ಕೆ ವಾಲಿತು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಓಡಿದಂತೆ ಹೋಗಿ ಒಂದು ಕುರ್ಚಿ ಹಿಡಿದು ನಿಂತರು. ಹಿಂದಿನಿಂದ ಯಾರೋ ಅಂದರು: "ಊಟಕ್ಕೆ ಮೊದಲೇ ಜೋರಾಗಿ ಹಾಕಿದ್ದಾರಲ್ಲ ಇವರು!"

ನಕ್ಕರು. ನಕ್ಕವರಲ್ಲಿ ನನ್ನ ಹಳೇ ವಿದ್ಯಾರ್ಥಿನಿಯರೂ ಇದ್ದರು. ನಮ್ಮ ಮದುವೆಗಳಲ್ಲಿ ಒಂದು ಗ್ಲಾಸು ಹಿಡಿಯುವುದು ಅವಮಾನವಲ್ಲ, ತೂರಾಡುವುದು ಅವಮಾನ. ತಿರುಗಿ, ಇದು ಕಾಯಿಲೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮೈದಾನದ ಆ ತುದಿಗೆ ಕೇಳುವ ಹಾಗೆ ಕೂಗುತ್ತಿದ್ದ ನಾನು — ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಶೂ ಹಾಕಿ ಕೂತಿದ್ದರು. ನಾನು ಹೇಳಿದೆ: "ಆಶಾ ಫೋನ್ ಮಾಡಿದ್ಲು. ಇನ್ನು ನಡೆಯೋದೆಲ್ಲ ಬೇಡವಂತೆ. ಬಿದ್ದುಬಿಡ್ತೀರಂತೆ."

ಅಂಥ ಫೋನೇ ಬಂದಿರಲಿಲ್ಲ. ನಾನೇ ಆಶಾಳಿಗೆ ಫೋನ್ ಮಾಡಿ, ಮನೆಗೆ ನೆಂಟರು ಬರುತ್ತಾರೆ, ಸದ್ಯಕ್ಕೆ ಬರಬೇಡ ಎಂದೆ. ಇವರು ಶೂ ಬಿಚ್ಚಿದರು. ನನ್ನನ್ನು ನಂಬಿದರು — ನಂಬದೆ ಏನು ಮಾಡುತ್ತಾರೆ?

ಆ ಮಳೆಗಾಲವನ್ನು ಅವರು ಕುರ್ಚಿಯಲ್ಲೇ ಕಳೆದರು. ಮೈ ಮರಗಟ್ಟುತ್ತಾ ಬಂತು. ಏಳಲು ನನ್ನ ಕೈ ಬೇಕಾಯಿತು. ನಾನು ನೋಡುತ್ತಲೇ ಇದ್ದೆ. ಒಂದು ಮಧ್ಯಾಹ್ನ ಒಬ್ಬರೇ ಎದ್ದು ಅಡುಗೆಮನೆಯ ಕಡೆ ತಿರುಗಿದವರು ಹಾಗೇ ಬಿದ್ದರು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಆಶಾ ನೋಡಲು ಬಂದಳು. ನಡೆಯುವುದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದಳು. ಇವರು ಸಿಡುಕಿದರು: "ನೀವೇ ಅಲ್ವಾ ಬೇಡ ಅಂದದ್ದು?"

ಅವಳು ನನ್ನ ಮುಖ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. "ಹೌದು ಅಂಕಲ್," ಎಂದಳು ಮೆಲ್ಲಗೆ, "ಈಗ ಮತ್ತೆ ಶುರು ಮಾಡೋಣ." ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ. ನನ್ನ ಮಗಳ ವಯಸ್ಸಿನವಳು ನನ್ನ ಸುಳ್ಳನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು, ನಾನು ಹಾಕಿಕೊಳ್ಳಲು ಬಿಟ್ಟೆ. ಇವರು ಅವಳನ್ನು ಮತ್ತೆ ಮನೆಗೆ ಸೇರಿಸಲಿಲ್ಲ. ವ್ಯಾಯಾಮ ನಾನೇ ಮಾಡಿಸಿದೆ — ಅವಳು ಕಲಿಸಿದ್ದನ್ನೇ. ಈಗ ಕಣದ ಸುತ್ತ ನನ್ನ ಆಸರೆಯಿಲ್ಲದೆ ನಡೆಯುತ್ತಾರೆ. ಆ ಹೆಮ್ಮೆ ನನಗಿದೆ. ಅದರಿಂದ ಹಳೆಯದು ತೊಳೆದುಹೋಗುವುದಿಲ್ಲ ಎಂಬುದೂ ಗೊತ್ತಿದೆ.

ಇಷ್ಟು ವರ್ಷ ಹೀಗೇ ಸಾಗಿತ್ತು. ಮೊನ್ನೆ ಇವರ ದೊಡ್ಡಪ್ಪನ ಮಗ ಸೋಮಯ್ಯನಿಗೂ ಇದೇ ಕಾಯಿಲೆ ಎಂದು ಗೊತ್ತಾಯಿತು. ಬೀಳುವ ಭಯಕ್ಕೆ ಅವನು ಕುರ್ಚಿ ಬಿಟ್ಟು ಏಳುತ್ತಿಲ್ಲವಂತೆ. ಇವರು ಫೋನಿನಲ್ಲಿ ಬುದ್ಧಿ ಹೇಳುತ್ತಿದ್ದರು: "ಆ ಆಶಾ ಹತ್ರ ಮಾತ್ರ ಹೋಗ್ಬೇಡ ಮಾರಾಯ. ನನ್ನ ಕೈ ಮುರಿದದ್ದೇ ಅವಳಿಂದ."

ನನ್ನ ಸುಳ್ಳು ಇನ್ನೊಬ್ಬನನ್ನೂ ಕೂರಿಸಲು ಹೊರಟಿತ್ತು. ಇವರು ಫೋನ್ ಇಟ್ಟ ಕೂಡಲೇ ಎದುರಿಗೆ ಕೂತು ಎಲ್ಲ ಹೇಳಿದೆ — ಮದುವೆ, ನಗು, ಬಾರದ ಫೋನು. ಅವರು ಕೇಳಿದ್ದು ಒಂದೇ:

"ನಾನು ಕುಡಿದಿದ್ದೆ ಅಂತ ನಿಂಗೂ ಅನ್ನಿಸಿತ್ತಾ?"

"ಇಲ್ಲ. ನಂಗೆ ನಾಚಿಕೆ ಆಯ್ತು."

ಅವರು ಸೋಮಯ್ಯನಿಗೆ ಮತ್ತೆ ಫೋನ್ ಮಾಡಿದರು. "ಆಶಾ ಹತ್ರಾನೇ ಹೋಗು. ತಪ್ಪು ಆ ಹುಡುಗೀದಲ್ಲ," ಎಂದರು. ಆ ಕಡೆಯಿಂದ ಅವನು ಏನೋ ಕೇಳಿದ. ಇವರು ಫೋನನ್ನು ನನ್ನ ಮುಂದೆ ಚಾಚಿದರು.

"ತಪ್ಪು ಯಾರದ್ದು ಅಂತ ನೀನೇ ಹೇಳು."

ಹೇಳಿದೆ. ನಾಳೆ ಆಶಾಳ ಮುಂದೆ ನಿಂತು ಅದನ್ನೇ ಹೇಳಬೇಕು.