ಬುಟ್ಟಿ ಕೆಳಗ ಮುಚ್ಚಿದ ಮೊಲ

ಬುಟ್ಟಿ ಎತ್ತೂದಕ್ಕ ಬಿಳಿ ಕೂದಲ ಮಾರಿಗೆ ಹಾರಿ ಬಂದ್ವು. ಎರಡೂ ಮೊಲ ಒಂದಕ್ಕೊಂದು ಕಚ್ಚಿ ಹಿಡ್ಕೊಂಡು ಗಿರಗಿರ ತಿರಗಾಕತ್ತಿದ್ವು. ಕೈ ಹಾಕಿ ಬಿಡಿಸಿದೆ, ನನ್ನ ಬೆರಳಿಗೂ ಕಚ್ಚಿದ್ವು. ನನ್ನ ತಂಗಿ ಸಾಕಿದ ಮೊಲದ ಎಡಗಿವಿ ಹರದಿತ್ತು. ರಕ್ತ ಸುರ್ಯಾಕತ್ತಿತ್ತು.

ಗಲತಿ ನಂದು. ನಮ್ಮ ಮನಿ ಬಸವಕಲ್ಯಾಣದಾಗ, ನನ್ನ ಕೆಲಸ ಹುಮನಾಬಾದದಾಗ, ವೆಲ್ಡಿಂಗ್ ಅಂಗಡ್ಯಾಗ. ತಂಗಿ ದಿನಾ ಹೊಲಿಗಿ ಕ್ಲಾಸಿಗೆ ಹೋಗ್ತಾಳ. ಆಕಿ ಮೊಲ ಒಂಟ್ಯಾಗಿ ಮೂಲ್ಯಾಗ ಕುಂದರತಿತ್ತು. "ಇದಕೊಂದು ಜೋಡಿ ತಾ ಅಣ್ಣಾ" ಅಂತ ಗಂಟ ಬಿದ್ದಿದ್ಳು. ಹುಮನಾಬಾದದಿಂದ ಇನ್ನೊಂದು ಹೆಣ್ಣ ಮೊಲ ರಟ್ಟಿನ ಡಬ್ಬ್ಯಾಗ ಹಾಕ್ಕೊಂಡು ಬಸ್ಸಿನ್ಯಾಗ ತಂದೆ.

ತಂಗಿ ಮೊಬೈಲದಾಗ ನೋಡಿ ಹೇಳಿದ್ಳು, "ಮೊದಲ ಬ್ಯಾರೆ ಬ್ಯಾರೆ ಇಡಬೇಕು. ನಡುವ ತಂತಿ ಜಾಳಿ ಹಾಕಬೇಕು. ಒಂದರ ವಾಸನಿ ಒಂದಕ್ಕ ರೂಢಿ ಆಗಬೇಕು."

"ಮೊಲಕ್ಕೂ ಕನ್ಯಾ ನೋಡೂ ಶಾಸ್ತ್ರ ಅದ ಏನು?" ಅಂದೆ.

"ನಿನಗ ಎಲ್ಲಾದಕ್ಕೂ ಜಲ್ದಿ. ಚಾ ಸುದ್ದಾ ಕುದ್ಯಾಕ ಬಿಡಂಗಿಲ್ಲ."

ಮರುದಿನ ನನಗ ರಜಾ ಇತ್ತು. ಆಕಿ ಕ್ಲಾಸಿಗೆ ಹೋದ ಮ್ಯಾಲ ಕೋಳಿ ಮುಚ್ಚೂ ಬುಟ್ಟಿ ತಂದೆ. ಹೊಸಾ ಕೋಳಿ ತಂದ್ರ ಅವ್ವ ಹಳೀ ಕೋಳಿ ಜೋಡಿ ಒಂದೇ ಬುಟ್ಟಿ ಕೆಳಗ ಮುಚ್ಚಿ ಮ್ಯಾಲ ಕಲ್ಲ ಇಡ್ತಿದ್ಳು. ಕತ್ತಲ್ಯಾಗ ಸುಮ್ನಾಗಿ ಕೂಡತಿದ್ವು. ಮೊಲಾನೂ ಅಷ್ಟೇ ಅಂದ್ಕೊಂಡು ಎರಡನ್ನೂ ಅದರ ಕೆಳಗ ಮುಚ್ಚಿದೆ. ಒಳಗ ಧಡಧಡ ಸಪ್ಪಳ ಬಂತು. ರೂಢಿ ಆಗಾಕತ್ತಾವ ಅಂತ ಹೊರಗ ಕುಂತು ಫೋನ್ ನೋಡಿದೆ. ಮ್ಯಾಲ ಕಲ್ಲ ಇಟ್ಟಿದ್ದೆ. ಓಡಿ ಹೋಗಾಕ ಅವಕ್ಕ ಜಾಗಾ ಎಲ್ಲಿತ್ತು?

ತಂಗಿ ಬಂದು ಕಿವಿ ನೋಡಿ ಅತ್ತಳು. "ಏನಾಯ್ತು ಇದಕ್ಕ?"

"ಬಾಜೂ ಮನಿ ಬೆಕ್ಕು" ಅಂದೆ. ಬಾಯಿಗೆ ಅದೇ ಬಂತು.

ಆಕಿ ಸೀದಾ ಹೋಗಿ ಬಾಜೂ ಮನಿ ಕಾಕೂನ ಜೋಡಿ ಜಗಳಾ ತಗದ್ಳು. "ನಮ್ಮ ಬೆಕ್ಕು ಮುಂಜಾನಿಂದ ನನ್ನ ಬಗಲಾಗೇ ಮಲಗ್ಯಾದ ನೋಡವಾ, ಆಣಿ ಮಾಡ್ತೀನಿ" ಅಂದ್ಳು ಕಾಕೂ. ನಾ ಒಳಗ ಕುಂತು ಎಲ್ಲಾ ಕೇಳಿದೆ. ಹೊರಗ ಬರಲಿಲ್ಲ.

ಆಮ್ಯಾಲ ಅಂಗಡ್ಯಾಗ ಜಾಳಿ ವೆಲ್ಡಿಂಗ್ ಮಾಡ್ಕೊಂಡು ಬಂದೆ. ಹರದ ಕಿವಿಗೆ ದವಾಖಾನಿ ಮಲಾಮು ದಿನಾ ನಾನೇ ಹಚ್ಚಿದೆ. ನನ್ನ ಕೈ ಕಂಡ್ರ ಆ ಮೊಲ ನಡಗತಿತ್ತು. ವಾಸನಿ ರೂಢಿ ಆಗಲಿ ಅಂತ ತಂಗಿ ಇದರ ಅರಿಬಿ ಅದಕ್ಕ, ಅದರ ಅರಿಬಿ ಇದಕ್ಕ ಹಾಸ್ತಿದ್ಳು. ತಿಂಗಳಾದ ಮ್ಯಾಲ ಜಾಳಿ ಆಕಡಿ ಈಕಡಿ ಕುಂತು ಕೊತಂಬ್ರಿ ತಿನ್ನಾಕ ಸುರು ಮಾಡಿದ್ವು. ಜಾಳಿ ತಗದ್ವಿ. ಹೊಸಾದು ಬಂದು ಹರದ ಕಿವಿ ನೆಕ್ಕಿತು.

"ನೀ ಜಾಳಿ ಮಾಡಿದ್ದಕ್ಕ ಇವು ಕೂಡಿದ್ವು ಅಣ್ಣಾ" ಅಂದ್ಳು ತಂಗಿ. ನಾ ಜಾಳಿ ಎತ್ಕೊಂಡು ಹಿತ್ತಲಕ್ಕ ಹೋದೆ.

ಈಗ ಎರಡೂ ಒಂದೇ ಚೀಲದ ಮ್ಯಾಲ ಮಲಗ್ತಾವ. ತಂಗಿಗೂ ಕಾಕೂಗೂ ಇನ್ನೂ ಮಾತಿಲ್ಲ. ಕಾಕೂ ಬೆಕ್ಕಿಗೆ ಹಗ್ಗಾ ಹಾಕಿ ಕಟ್ಟ್ಯಾಳ. ನಾ ಮುಂಜಾನಿ ಬಸ್ಸಿಗೆ ಹೊಂಟ್ರ "ನಾಷ್ಟಾ ಆಯ್ತೇನಪ್ಪಾ?" ಅಂತ ಕೇಳ್ತಾಳ. "ಹೌದ್ರಿ ಕಾಕೂ" ಅಂದು ತಲಿ ಕೆಳಗ ಹಾಕಿ ಹೋಗ್ತೀನಿ. ಬೆಕ್ಕಿನ ಸುಳ್ಳು ಇಲ್ಲಿ ಬರದೀನಿ, ತಂಗಿಗೆ ಹೇಳಿಲ್ಲ. ಮತ್ತೇನಿಲ್ಲ ಹೇಳೂದು.