ತೇಪೆಯಪ್ಪನ ಕೊಳಕ್ಕೆ ಹೊಸ ಹಾಸು

ತೇಪೆಯಪ್ಪನ ಮುತ್ತಜ್ಜ ಸೋರುವ ಕೊಡಗಳಿಗೆ ಬೆಸುಗೆ ಹಾಕುತ್ತಿದ್ದವನು. ಅವನ ಕೈಗೆ ಸಿಕ್ಕ ಒಂದು ಕೊಡದಲ್ಲಿ ಕೊಡಕ್ಕಿಂತ ಬೆಸುಗೆಯೇ ಹೆಚ್ಚಾಗಿ, ಖಾಲಿ ಕೊಡ ಎತ್ತುವುದಕ್ಕೂ ಇಬ್ಬರು ಬೇಕಾಗುತ್ತಿತ್ತಂತೆ. ಅಜ್ಜ ಕೊಡೆ ರಿಪೇರಿಯವನು. ಊರಿನ ತಲೆಗಳನ್ನೆಲ್ಲ ಕಾಪಾಡಿ ತಾನು ಮಾತ್ರ ತೊಯ್ದು ತೊಪ್ಪೆಯಾಗಿ ಮನೆಗೆ ಬರುತ್ತಿದ್ದ. ಸ್ವಂತ ಕೊಡೆ ಸದಾ ರಿಪೇರಿಯಲ್ಲೇ ಇರುತ್ತಿತ್ತು. ಅಪ್ಪ ಸೈಕಲ್ ಪಂಕ್ಚರ್ ಅಂಗಡಿ ಇಟ್ಟು, ಅಂಚೆಯವನ ಒಂದೇ ಟ್ಯೂಬನ್ನು ಅವನಿಗೆ ನಿವೃತ್ತಿಯಾಗುವವರೆಗೂ ಓಡಿಸಿದ. ಕಡೆಗೆ ಅದರಲ್ಲಿ ಕಾರ್ಖಾನೆಯದು ಅಂತ ಉಳಿದದ್ದು ಗಾಳಿ ಹಾಕುವ ಮೂತಿ ಒಂದೇ. ಹೊಸದು ತಗೋ ಎನ್ನುವ ಮಾತು ಆ ಮನೆಯಲ್ಲಿ ಬೈಗುಳಕ್ಕೆ ಸಮ.

ಇಂಥ ವಂಶದ ಕುಡಿ ನೆಲಕ್ಕೆ ವಿನೈಲ್ ಹಾಸುವ ಕೆಲಸ ಕಲಿತು, ಈಜು ಕಲಿಸುವ ಹೆಣ್ಣನ್ನು ಮದುವೆಯಾಯಿತು. ಅವಳು ಕಲಿಸುತ್ತಿದ್ದ ಊರಿನ ಈಜುಕೊಳಕ್ಕೆ ಬೀಗ ಬಿದ್ದಾಗ ಹೆಂಡತಿಯ ಮುಖ ಬಾಡಿದ್ದನ್ನು ನೋಡಲಾರದೆ ಅವನು ಹಿತ್ತಿಲನ್ನೇ ಅಗೆದ. ಗೋಡೆ ಕಟ್ಟಿದ, ತಳಕ್ಕೆ ಮರಳು ಬಡಿದ, ಮೇಲೆ ನೀಲಿ ವಿನೈಲ್ ಹಾಳೆಯನ್ನು ಇಳಿಬಿಟ್ಟು ಅದರ ಅಂಚನ್ನು ಗೋಡೆಯ ತಲೆಯ ಪಟ್ಟಿಗೆ ಸಿಕ್ಕಿಸಿದ. ಲೈನರ್ ಎನ್ನುವುದು ಇದಕ್ಕೇ. ಅಂಥ ಕೊಳದಲ್ಲಿ ನೀರು ಹಿಡಿಯುವುದು ಗೋಡೆಯಲ್ಲ, ಆ ಹಾಳೆ. ಬೆಳಗ್ಗೆ ಕೇರಿಯ ಹೆಂಗಸರೆಲ್ಲ ಪಾಠಕ್ಕೆ ಬರತೊಡಗಿದರು. ನೆಲದ ಮೇಲೆ ಮಾತು ಬಿಟ್ಟಿದ್ದ ಇಬ್ಬರು ಓರಗಿತ್ತಿಯರು ಕೊಳದಲ್ಲಿ ಮಾತ್ರ ಮಾತಾಡುತ್ತಿದ್ದರು. ಹೆಂಡತಿಗೆ ಆ ಪಾಠವೇ ಪ್ರಾಣ.

ವರ್ಷಗಳು ಕಳೆದಂತೆ ಹಾಳೆಯ ನೀಲಿ ಬಿಳಿಚಿಕೊಂಡಿತು, ತಳದಲ್ಲಿ ಸುಕ್ಕು ಎದ್ದಿತು. ಎಲ್ಲಿ ಹರಿದರೂ ತೇಪೆಯಪ್ಪ ಮೂಗು ಹಿಡಿದು ಮುಳುಗಿ, ಅಂಟು ಬಳಿದು, ತೇಪೆ ಒತ್ತಿ ಮೇಲೆ ಬರುತ್ತಿದ್ದ. ಹೆಸರು ಬಂದದ್ದೇ ಹಾಗೆ. ತೇಪೆಗಳು ಎಷ್ಟಾದವೆಂದರೆ, ಆಕಾರಕ್ಕೆ ತಕ್ಕ ಹೆಸರು ಪಡೆದು ಪಾಠಕ್ಕೆ ಅವೇ ಗುರುತುಗಳಾದವು. ಆನೆ ತೇಪೆಯವರೆಗೆ ಹೋಗಿ ತಿರುಗಿ, ಚಪ್ಪಲಿ ತೇಪೆಯ ಹತ್ತಿರ ಉಸಿರು ಬಿಡಿ ಎಂದು ಹೆಂಡತಿ ದಡದಿಂದ ಹೇಳಿಕೊಡುತ್ತಿದ್ದಳು.

ಆದರೂ ನೀರು ಇಳಿಯುವುದು ನಿಲ್ಲಲಿಲ್ಲ. ಬಿಸಿಲು ಕುಡಿಯುತ್ತಿದೆ ಎಂದು ಅವನು, ಮಣ್ಣು ಕುಡಿಯುತ್ತಿದೆ ಎಂದು ಅವಳು. ತೀರ್ಮಾನಕ್ಕೆ ಬಕೆಟ್ ಬಂತು. ಬಕೆಟ್ಟಿಗೆ ಕೊಳದ ನೀರು ತುಂಬಿ, ಕೊಳದ ಮೆಟ್ಟಿಲ ಮೇಲೆ ಇಟ್ಟು, ಎರಡರಲ್ಲೂ ನೀರಿನ ಮಟ್ಟಕ್ಕೆ ಗುರುತು ಹಾಕುವುದು. ಮರುದಿನ ಎರಡೂ ಒಂದೇ ಸಮ ಇಳಿದಿದ್ದರೆ ಅದು ಬಿಸಿಲು. ಕೊಳವೇ ಹೆಚ್ಚು ಇಳಿದಿದ್ದರೆ ಸೋರಿಕೆ. ಮರುದಿನ ನೋಡಿದರೆ ಬಕೆಟ್ಟಿನ ನೀರು ಕೊಳದ್ದಕ್ಕಿಂತ ಎಷ್ಟೋ ಹೆಚ್ಚು ಇಳಿದಿತ್ತು. ತೇಪೆಯಪ್ಪ ಎದೆ ಉಬ್ಬಿಸಿಕೊಂಡು ಕೇರಿಗೆಲ್ಲ ಸಾರಿ ಬಂದ.

ಹೆಂಡತಿ ಬಕೆಟ್ಟಿನೊಳಗೆ ಇಣುಕಿ ಕೇಳಿದಳು, "ಹಾಗಾದ್ರೆ ನಮ್ಮ ಕೊಳ ನೀರು ಹಡೀತಾ ಇದೆಯೇನ್ರೀ?"

ವಾಕಿಂಗ್ ಮುಗಿಸಿ ಬಂದು ಕೂತಿದ್ದ ಅತ್ತೆ ಕಾಲು ಒರೆಸಿಕೊಳ್ಳುತ್ತ ಹೇಳಿದರು, "ಅಳಿಯಂದಿರು ಕಾಲು ತೊಳೆಯೋಕೆ ನೀರು ಇಟ್ಟಿದ್ದಾರೆ ಅಂದ್ಕೊಂಡೆನಲ್ಲಮ್ಮ. ಅಷ್ಟು ಮರ್ಯಾದೆ ಈ ಮನೇಲಿ ಯಾವತ್ತು ಸಿಕ್ಕಿತ್ತು ನನಗೆ?"

ಹೊಸ ಬಕೆಟ್ ಇಟ್ಟು, ಅತ್ತೆಯನ್ನು ದೂರ ಇಟ್ಟು ಮತ್ತೆ ನೋಡಿದಾಗ ನಿಜ ಹೊರಬಿತ್ತು. ಬಕೆಟ್ಟು ಕೂದಲೆಳೆಯಷ್ಟು ಇಳಿದಿತ್ತು, ಕೊಳ ಗೇಣುದ್ದ. ಅದೇ ಸಂಜೆ ಹೆಂಡತಿ ಕಡ್ಡಿ ತುಂಡು ಮಾಡಿದಂತೆ ಹೇಳಿದಳು. ಲೈನರ್ ಬದಲಾಗಬೇಕು, ಇಲ್ಲದಿದ್ದರೆ ಸೋಮವಾರದಿಂದ ಪಾಠ ಊರಾಚೆಯ ಕಾರ್ಖಾನೆ ಪಕ್ಕದ ಕೊಳದಲ್ಲಿ. ಹೆಂಗಸರೂ ಒಪ್ಪಿಕೊಂಡು ಬಸ್ಸಿನ ಹೊತ್ತು ವಿಚಾರಿಸತೊಡಗಿದ್ದರು.

ಒಂದೇ ಒಂದು ಅವಕಾಶ ಕೊಡು ಎಂದು ತೇಪೆಯಪ್ಪ ಕೈಮುಗಿದ. ನೀರನ್ನೆಲ್ಲ ಖಾಲಿ ಮಾಡಿ, ಒಣಗಿಸಿ, ನೆಟ್ಟಗೆ ತೇಪೆ ಹಾಕುತ್ತೇನೆಂದ. ಟ್ಯೂಬಿಗೆ ತೇಪೆ ಹಾಕುವಾಗ ಒಣಗಿಸುತ್ತಾರಲ್ಲ, ಆ ಲೆಕ್ಕ. ಪಂಕ್ಚರ್ ಅಂಗಡಿಯಲ್ಲಿ ಬೆಳೆದವನು ಮಾತ್ರ ಮಾಡಬಹುದಾದ ತಪ್ಪು ಅದು. ಹಳೆಯ ಲೈನರನ್ನು ಹಿಗ್ಗಿಸಿ ಹಿಡಿದಿರುವುದು ನೀರಿನ ಭಾರ. ನೀರು ಹೋಗಿ ಬಿಸಿಲು ಬಿದ್ದದ್ದೇ ತಡ, ಹಾಳೆ ಒಗೆದ ಉಣ್ಣೆ ಅಂಗಿಯಂತೆ ಕುಗ್ಗಿತು. ಪಡುವಣ ಮೂಲೆಯ ಅಂಚು ಪಟ್ಟಿಯಿಂದ ಕಳಚಿತು. ಅವನು ಓಡಿಹೋಗಿ ಅದನ್ನು ಎಳೆದು ಸಿಕ್ಕಿಸಿದರೆ ಮೂಡಣ ಮೂಲೆ ಕಳಚಿತು. ಓರಗಿತ್ತಿಯರನ್ನು ಒಂದೊಂದು ಮೂಲೆಗೆ ನಿಲ್ಲಿಸಿದ. ನೀರಿಲ್ಲದ್ದರಿಂದ ಅವರು ಒಬ್ಬರಿಗೊಬ್ಬರು ಮಾತಾಡದೆ ಎದುರುಬದುರು ದಿಕ್ಕಿಗೆ ಎಳೆದರು. ಮೂರನೆಯ ಮೂಲೆಯ ಮೇಲೆ ಅತ್ತೆಯನ್ನು ಕುರ್ಚಿ ಸಮೇತ ಕೂರಿಸಿದ. ಅಷ್ಟರಲ್ಲಿ ಆನೆ ತೇಪೆಯ ಸುತ್ತ ಪರ್ರನೆ ಸದ್ದಾಯಿತು.

ಅವನು ಇಳಿದು ನೋಡಿದ. ತೇಪೆ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಹರಿದದ್ದು ಅದರ ಅಂಚಿನ ಹಳೆಯ ಹಾಳೆ. ಚಪ್ಪಲಿ ತೇಪೆಯ ಸುತ್ತಲೂ ಅದೇ ಕಥೆ. ತೇಪೆಯಿಲ್ಲದ ಜಾಗದಲ್ಲಿ ಹಾಳೆಯನ್ನು ಚಿವುಟಿ ಬಿಟ್ಟ. ಜೀವ ಇರುವ ವಿನೈಲ್ ಮತ್ತೆ ನೆಟ್ಟಗಾಗುತ್ತದೆ. ಇದು ಒಣಗಿದ ಎಲೆಯಂತೆ ಬೆರಳಲ್ಲೇ ಮುರಿಯಿತು. ಅವನು ಖಾಲಿ ಕೊಳದ ತಳದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಹಿಡಿಯೋಕೆ ತೇಪೆಗೆ ಏನೂ ಉಳಿದಿಲ್ಲ ಕಣೇ," ಎಂದ ಹೆಂಡತಿಗೆ. "ಹೊಸದು ತರ್ಸು. ಪಾಠ ಇಲ್ಲೇ ಇರುತ್ತೆ ತಾನೆ?"

"ಇನ್ನೆಲ್ಲಿರುತ್ತೆ?" ಎಂದು ಅವಳು ಅವನ ಕೈಗೆ ನೀರಿನ ಲೋಟ ಕೊಟ್ಟಳು.

ಹೊಸ ಲೈನರ್ ಸುರುಳಿ ಸುತ್ತಿಕೊಂಡು ವ್ಯಾನಿನಲ್ಲಿ ಬಂತು, ಜೊತೆಗೆ ಹಾಸುವ ಆಳುಗಳೂ ಬಂದರು. ತೇಪೆಯಪ್ಪ ಆಗಲೇ ಕೊಳದೊಳಗೆ ಇಳಿದು, ಹಳೆಯ ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಮಡಿಚಿ ಇಡುತ್ತಿದ್ದ. ಬೆವರು ಧಾರಾಕಾರ. ಆಳುಗಳ ಮೇಸ್ತ್ರಿ ತೋಳು ಮಡಿಸಿಕೊಂಡು, ನಾವೆಲ್ಲ ಕೈ ಹಾಕಿದರೆ ಕ್ಷಣದಲ್ಲಿ ಕಿತ್ತು ಬಿಸಾಡಬಹುದು ಎಂದು ಕೆಳಗಿಳಿಯಲು ಕಾಲು ಚಾಚಿದ.

ತೇಪೆಯಪ್ಪ ತಲೆ ಎತ್ತದೆ ಹೇಳಿದ, "ಕಾಲು ಹಿಂದಕ್ಕೆ ತಗೋಳಪ್ಪ. ಹೊಸದು ಹಾಸೋದು ನಿನ್ನ ಕೆಲಸ, ಅದಕ್ಕೆ ನಾನು ಬಾಯಿ ಹಾಕಲ್ಲ. ಇದನ್ನ ಕೀಳೋದು ನಮ್ಮನೆ ವಿಚಾರ. ನೀವೆಲ್ಲ ಹೋಗಿ ನೆರಳಲ್ಲಿ ಕೂತ್ಕೊಳ್ಳಿ, ಮುಗಿದ ಮೇಲೆ ನಾನೇ ಕರೀತೀನಿ."