ಯಶ್ವಂತನ ಯೂಟ್ ಕಟ್ಟಿದ ದತ್ತಾತ್ರೇಯ

ಗುದ್ದಿಸಿಕೊಂಡು ಬಂದ ಕಾರನ್ನು ಏನೂ ಆಗೇ ಇಲ್ಲವೆನ್ನುವಂತೆ ಮಾಡಿಕೊಡುವುದು ದತ್ತಾತ್ರೇಯನ ಕಸುಬು. ದೂರದೇಶದ ಹ್ಯಾಮಿಲ್ಟನ್ನಿನ ಒಂದು ವರ್ಕ್‌ಶಾಪಿನಲ್ಲಿ ಹತ್ತು ವರ್ಷದಿಂದ ನಗ್ಗಿದ ಬಾಗಿಲು, ಸೊಟ್ಟಗಾದ ಬಂಪರುಗಳನ್ನು ತಟ್ಟಿ, ಉಜ್ಜಿ, ಬಣ್ಣ ಹೊಡೆದು ಕಳಿಸುತ್ತಿದ್ದ. ಈ ಕಸುಬಿನಲ್ಲಿ ಒಂದು ಅನ್ಯಾಯವಿದೆ. ಕೆಲಸ ಚೆನ್ನಾಗಿ ಆದಷ್ಟೂ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ನಗ್ಗು ಎಲ್ಲಿತ್ತೆಂದೇ ಗೊತ್ತಾಗದ ಬಾಗಿಲನ್ನು ತೋರಿಸಿ ‘ನೋಡಿ, ಇದು ನಾನು ಮಾಡಿದ್ದು’ ಅನ್ನುವುದು ಹೇಗೆ? ಅವನ ಹೆಂಡತಿ ರತ್ನಾ ಮದುವೆಯಾಗಿ ಬಂದ ಎಂಟು ವರ್ಷಗಳಲ್ಲಿ ಒಂದು ದಿನವೂ ಅವನ ವರ್ಕ್‌ಶಾಪಿಗೆ ಕಾಲಿಟ್ಟವಳಲ್ಲ. ಇವನೂ ಕರೆದವನಲ್ಲ, ಆ ಮಾತು ಬೇರೆ.

ಗೆಳೆಯ ಯಶ್ವಂತನ ಕತೆ ಇದಕ್ಕೆ ತದ್ವಿರುದ್ಧ. ಅವನು ಏನು ಮಾಡಿದರೂ ಎದ್ದು ಕಾಣುತ್ತಿತ್ತು. ಓದಲು ಬಂದಾಗ ಇಬ್ಬರೂ ಒಂದೇ ಮನೆಯಲ್ಲಿ ಫ್ಲ್ಯಾಟ್‌ಮೇಟ್‌ಗಳು, ಒಂದೇ ಕುಕ್ಕರಿನ ಅನ್ನ ಉಂಡವರು. ಈಗ ಅವನಿಗೆ ಸಾಫ್ಟ್‌ವೇರ್ ಕೆಲಸ, ರೊಟೊಟೂನ ಬಡಾವಣೆಯಲ್ಲಿ ಸ್ವಂತ ಮನೆ. ಸ್ಪ್ಯಾನರ್ ಹಿಡಿಯಲು ಬಾರದಿದ್ದರೂ ನಗುವುದಕ್ಕೆ ಚೆನ್ನಾಗಿ ಬರುತ್ತಿತ್ತು. ಕನ್ನಡ ಕೂಟದ ಊಟದಲ್ಲಿ ಅವನು ಕೂತ ಮೇಜಿಗೇ ಎಲ್ಲರ ಕುರ್ಚಿಗಳು ಸರಿಯುತ್ತಿದ್ದವು. ರತ್ನಾಳ ಕುರ್ಚಿಯೂ ಸರಿಯುತ್ತಿತ್ತು.

ಹೀಗಿರುವಾಗ ಎರಡು ಸಾವಿರದ ಹದಿನೈದರ ದೀಪಾವಳಿ ಊಟದಲ್ಲಿ ಯಶ್ವಂತ ಒಂದು ಬಾಂಬ್ ಹಾಕಿದ.

“ದತ್ತಣ್ಣ, ಡೆಮಾಲಿಷನ್ ಡರ್ಬಿಗೆ ಹೆಸರು ಕೊಟ್ಟಿದೀನಿ. ಮಾರ್ಚಲ್ಲಿ. ಗಾಡಿ ನೀನೇ ಕಟ್ಕೊಡ್ಬೇಕು.”

ಮೈದಾನದ ತುಂಬ ಹಳೇ ಗಾಡಿಗಳನ್ನು ಬಿಟ್ಟು ಒಂದಕ್ಕೊಂದು ಗುದ್ದಿಸುವ ಆಟ ಅದು. ಕೊನೆಗೆ ಯಾವ ಗಾಡಿ ಇನ್ನೂ ಅಲ್ಲಾಡುತ್ತಿರುತ್ತದೋ ಅದು ಗೆದ್ದಂತೆ. ದತ್ತಾತ್ರೇಯ ಒಪ್ಪಿಕೊಂಡ. ಯಾಕೆ ಒಪ್ಪಿಕೊಂಡನೆಂದರೆ, ಜೀವಮಾನದಲ್ಲಿ ಮೊದಲ ಸಲ ಅವನ ಕೈಕೆಲಸ ಜನರೆದುರು ಕಾಣಿಸುವುದಿತ್ತು. ರತ್ನಾಳೂ ನೋಡುವವಳಿದ್ದಳು.

ಊರಾಚೆಯ ರೈತನೊಬ್ಬನಿಂದ ಹುಲ್ಲು, ನಾಯಿ, ಬೇಲಿಗೂಟ ಹೊತ್ತು ಸವೆದ ಹಳೆಯ ಯೂಟ್, ಅಂದರೆ ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್ ಗಾಡಿ, ಬಂತು. ನಾಲ್ಕು ತಿಂಗಳ ಶನಿವಾರ ಭಾನುವಾರಗಳನ್ನೆಲ್ಲ ದತ್ತಾತ್ರೇಯ ಅದಕ್ಕೇ ಸುರಿದ. ಗಾಜು ತೆಗೆದ, ಬಾಗಿಲುಗಳನ್ನು ವೆಲ್ಡ್ ಮಾಡಿ ಮುಚ್ಚಿದ, ಪೆಟ್ರೋಲ್ ಟ್ಯಾಂಕನ್ನು ಪೆಟ್ಟು ಬೀಳದ ಜಾಗಕ್ಕೆ ಬದಲಿಸಿದ, ಚಾಲಕನ ತಲೆಯ ಹಿಂದೆ ದಪ್ಪ ಪೈಪಿನ ಚೌಕಟ್ಟು ಕೂರಿಸಿದ. ಯಶ್ವಂತ ಬಂದು ಮಾಡಿದ ಕೆಲಸ ಒಂದೇ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಮೊಳದುದ್ದ ‘ಯಶ್’ ಎಂದು ಬರೆದ. ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಕೂಟದವರಿಗೆಲ್ಲ ಕಳಿಸಿದ. ಮರುದಿನದಿಂದ ಅದು ಎಲ್ಲರ ಬಾಯಲ್ಲಿ ಯಶ್ವಂತನ ಯೂಟ್ ಆಯಿತು. ದತ್ತಾತ್ರೇಯ ಅದನ್ನು ಕೇಳಿಯೂ ನಕ್ಕ.

ಡರ್ಬಿಯ ದಿನ ಬೆಳಿಗ್ಗೆ ರತ್ನಾ ಗಾಡಿಗೆ ಪೂಜೆ ಮಾಡಿದಳು. ಅರಿಸಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ದಾರ ಕಟ್ಟಿದಳು.

“ಅಷ್ಟೊಂದು ಜನ ನೋಡ್ತಾರೆ. ಯಾರ ಕಣ್ಣೂ ಬೀಳ್ದೇ ಇರ್ಲಿ ಯಶ್ವಂತಂಗೆ,” ಅಂದಳು. ಗಾಡಿ ಕಟ್ಟಿದವನಿಗೆ ಬಿದ್ದರೆ ಪರವಾಗಿಲ್ಲವೇನೋ, ಅಂದುಕೊಂಡ ದತ್ತಾತ್ರೇಯ.

ಮೈದಾನದಲ್ಲಿ ತಪಾಸಣೆಗೆ ಬಂದ ಸ್ಥಳೀಯ ಅಧಿಕಾರಿ ಗಾಡಿ ಸುತ್ತಿ ನೋಡಿ ತಲೆದೂಗಿದ. ಜೋತಾಡುವುದೇನೂ ಇರಕೂಡದು ಎಂದು ಆ ದಾರದ ಕಡೆ ಬೆರಳು ತೋರಿಸಿದ. ದತ್ತಾತ್ರೇಯನೇ ಕತ್ತರಿಸಿ ಜೇಬಿಗೆ ಹಾಕಿಕೊಂಡ.

ಮೊದಲ ಸುತ್ತಿನಲ್ಲಿ ಯೂಟ್ ಕೋಣನ ಹಾಗೆ ನುಗ್ಗಿತು. ಎಂಟು ಗಾಡಿಗಳು ಹೊಗೆ ಕಾರುತ್ತ ನಿಂತರೂ ಅದು ನಿಲ್ಲಲಿಲ್ಲ. ಕಿಟಕಿಯಿಂದ ತೂರಿ ಹೊರಬಂದ ಯಶ್ವಂತನನ್ನು ಜನ ಎತ್ತಿಕೊಂಡರು. ರತ್ನಾ ಚಪ್ಪಾಳೆ ಹೊಡೆಯುತ್ತ ಅತ್ತ ಓಡಿದಳು. ಫೈನಲ್‌ಗೆ ಇಪ್ಪತ್ತು ನಿಮಿಷವಿತ್ತು. ದತ್ತಾತ್ರೇಯ ಹಾರೆ ಹಿಡಿದು ಒಬ್ಬನೇ ಗಾಡಿಯ ಸುತ್ತ ಬಗ್ಗಿ ನೋಡಿದ. ಎಡಗಡೆ ಮುಂದಿನ ಮಡ್‌ಗಾರ್ಡ್ ಒಳಗೆ ಮಡಿಚಿಕೊಂಡು, ಅದರ ತಗಡಿನ ಚೂಪು ಅಂಚು ಟೈರಿಗೆ ಎರಡು ಬೆರಳಿನಷ್ಟು ಹತ್ತಿರ ಬಂದಿತ್ತು. ಅಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಟೈರು ಹರಿಯುವುದು ಖಂಡಿತ. ಹಾರೆ ಕೊಟ್ಟು ಎಳೆದರೆ ಸಾಕಿತ್ತು. ಅವನು ಹಾರೆಯ ತುದಿಯನ್ನು ಒಳಗೆ ಸೇರಿಸಿಯೂ ಆಗಿತ್ತು.

ಅಷ್ಟರಲ್ಲಿ ಧ್ವನಿವರ್ಧಕದವನು ಕೂಗಿದ. ಈ ಯೂಟನ್ನು ಯಶ್ ಎನ್ನುವ ಇವನೇ ಸ್ವಂತ ಕೈಯಿಂದ ಕಟ್ಟಿದ್ದಾನಂತೆ, ಜೋರಾಗಿ ಚಪ್ಪಾಳೆ ಹೊಡೆಯಿರಿ! ಜನ ಹೊಡೆದರು. ಯಶ್ವಂತ ಎರಡೂ ಕೈ ಬೀಸಿದ. ಅಲ್ಲ, ನಾನಲ್ಲ ಅನ್ನಲಿಲ್ಲ. ಪಕ್ಕದಲ್ಲಿದ್ದ ರತ್ನಾಳೂ ಅನ್ನಲಿಲ್ಲ. ಅವಳು ಮೊಬೈಲಿನಲ್ಲಿ ಅವನ ಫೋಟೊ ಹಿಡಿಯುತ್ತಿದ್ದಳು.

ದತ್ತಾತ್ರೇಯ ಹಾರೆಯನ್ನು ಈಚೆ ತೆಗೆದ.

“ಎಲ್ಲಾ ಓಕೆನಾ, ದತ್ತಣ್ಣ?” ಎಂದು ಓಡಿ ಬಂದ ಯಶ್ವಂತ.

“ಎಲ್ಲಾ ಓಕೆ,” ಅಂದ.

ಫೈನಲ್ ಶುರುವಾಗಿ ಮೂರು ನಿಮಿಷವಾಗಿರಲಿಲ್ಲ. ಹಳದಿ ಕಾರೊಂದು ಎಡಗಡೆಗೆ ಬಡಿಯಿತು, ಟೈರು ಢಂ ಎಂದಿತು. ಬರೀ ರಿಮ್ಮು ಮಣ್ಣಿನಲ್ಲಿ ಹೂತು ಯೂಟ್ ಇದ್ದಲ್ಲೇ ಗಿರಗಿರ ತಿರುಗಿ ನಿಂತುಬಿಟ್ಟಿತು. ಆಟದಿಂದ ಹೊರಗೆಂದು ಬಾವುಟ ಬಿತ್ತು. ಮರೆಮಾಚುವುದೇಕೆ, ದತ್ತಾತ್ರೇಯನಿಗೆ ಆಗ ಸ್ವರ್ಗಕ್ಕೆ ಮೂರೇ ಗೇಣು. ಎಷ್ಟೋ ವರ್ಷದ ಉರಿಗೆ ಯಾರೋ ತಣ್ಣೀರು ಹೊಯ್ದ ಹಾಗಾಯಿತು. ಆ ಸುಖ ಯಶ್ವಂತ ಹೆಲ್ಮೆಟ್ ಕೈಯಲ್ಲಿ ಹಿಡಿದು ಹತ್ತಿರ ಬರುವ ತನಕ ಮಾತ್ರ ಇತ್ತು. ಅವನ ಕಣ್ಣು ಕೆಂಪಾಗಿತ್ತು.

“ಸಾರಿ ದತ್ತಣ್ಣ. ನಿನ್ನ ಗಾಡೀನ ಹಾಳು ಮಾಡ್ಬಿಟ್ಟೆ. ನೆಟ್ಟಗೆ ಓಡ್ಸೋನು ಸಿಕ್ಕಿದ್ರೆ ಗೆಲ್ತಿತ್ತು ಅದು.”

ನಿನ್ನ ಗಾಡಿ. ಈ ಮಾತಿಗಾಗಿ ದತ್ತಾತ್ರೇಯ ನಾಲ್ಕು ತಿಂಗಳು ಕಾದಿದ್ದ. ಈಗ ಅದು ಸಿಕ್ಕಾಗ ಅವನ ಮುಖ ನೋಡಲಾರದೆ ಟ್ರೇಲರ್ ತರಲು ಹೊರಟ.

ಯೂಟನ್ನು ಟ್ರೇಲರಿನ ಮೇಲೆ ಹೇರಿಕೊಂಡು ದತ್ತಾತ್ರೇಯನ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ರತ್ನಾ ಕೈಕಾಲು ತೊಳೆಯುವುದಕ್ಕೂ ಬಿಡದೆ ಯಶ್ವಂತನನ್ನು ಹಿತ್ತಲಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಒಳಗೆ ಮಾಡಿದರೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆಂದು ಬಾರ್ಬೆಕ್ಯೂ ಒಲೆಯಲ್ಲಿ ಕೆಂಡ ಮಾಡಿದಳು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅವನ ಮುಖಕ್ಕೆ ನಿವಾಳಿಸಿದಳು.

“ಹೋದೋರ ಕಣ್ಣು, ಬಂದೋರ ಕಣ್ಣು, ದೂರದೋರ ಕಣ್ಣು, ಹತ್ರದೋರ ಕಣ್ಣು…”

ಕೆಂಡಕ್ಕೆ ಹಾಕಿದಳು. ಚಟಪಟ ಅಂದಿತು, ಘಾಟು ಮಾತ್ರ ಬರಲಿಲ್ಲ. ಯಾರೂ ಕೆಮ್ಮಲಿಲ್ಲ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲವೆಂದು ಮೈಸೂರಿನ ಮಗುವಿಗೂ ಗೊತ್ತು.

“ನೋಡಿದ್ರಾ? ಬಿದ್ದಿತ್ತು. ಆ ದಾರ ಯಾರು ಬಿಚ್ಚಿದ್ದು?”

“ನಾನೇ. ಅಲ್ಲಿ ರೂಲ್ಸು ಹಾಗೆ,” ಅಂದ ದತ್ತಾತ್ರೇಯ.

“ಯಾರದ್ದು ಅತ್ತಿಗೆ, ಅಂಥಾ ಕಣ್ಣು?” ಎಂದು ನಕ್ಕ ಯಶ್ವಂತ.

“ನಂದು,” ಅಂದ ದತ್ತಾತ್ರೇಯ.

ಯಶ್ವಂತ ಇನ್ನೂ ಜೋರಾಗಿ ನಕ್ಕ. ರತ್ನಾ ನಗಲಿಲ್ಲ. ಗಂಡನ ಮುಖವನ್ನೇ ನೋಡಿದಳು. ಆಮೇಲೆ ಕೈಯ ಉಪ್ಪು ಒದರಿಕೊಂಡು ಟ್ರೇಲರಿನ ಹತ್ತಿರ ನಡೆದಳು. ಇಬ್ಬರೂ ಹಿಂದೆ ಹೋದರು. ಹರಿದ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತಲೆ ಒಳಗೆ ತೂರಿಸಿ, ಮಡಿಚಿದ ತಗಡಿನ ಅಂಚನ್ನು ಬೆರಳಿನಿಂದ ಮುಟ್ಟಿದಳು. ಎಂಟು ವರ್ಷದಲ್ಲಿ ಅವನ ಕೆಲಸವನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

“ಇದಾ? ಮೊದಲೇ ಕಾಣಿಸ್ತಾ ನಿಮ್ಗೆ?”

“ಫೈನಲ್‌ಗೆ ಮುಂಚೆನೇ ಕಾಣ್ಸಿತ್ತು.”

ಯಶ್ವಂತನ ನಗು ನಿಂತಿತು. ಒಂದು ಸಲ ಟೈರು ನೋಡಿದ, ಒಂದು ಸಲ ದತ್ತಾತ್ರೇಯನನ್ನು ನೋಡಿದ.

“ತೆಗೆಯೋಕೆ ತುಂಬಾ ಹೊತ್ತು ಬೇಕಿತ್ತಾ, ದತ್ತಣ್ಣ?” ಎಂದು ಕೇಳಿದ. ಬೇಕಿತ್ತು ಅನ್ನಲಿ ಎಂದು ಬೇಡುವ ದನಿ ಅದು.

ದತ್ತಾತ್ರೇಯ ಟ್ರೇಲರಿನಿಂದ ಹಾರೆ ತೆಗೆದು, ತಗಡಿನ ಒಳಗೆ ಕೊಟ್ಟು ಎಳೆದ. ಕಿರ್ ಎಂದು ಒಂದೇ ಎಳೆತಕ್ಕೆ ಮಡ್‌ಗಾರ್ಡ್ ಪೂರ್ತಿ ಆಚೆ ಬಂತು.